ಹಬ್ಬದ ಹಂದಿಗೆ ಒಂದು ಮರೆ ಕಟ್ಟಿ

ಸೆಪ್ಟೆಂಬರ್ ಮೊದಲ ವಾರದಲ್ಲಿ ನಮ್ಮ ಕೊಡಗಿನ ಆಯುಧಪೂಜೆಯ ಹಬ್ಬ, ಕೈಲ್‌ಪೊಳ್ದ್. ಪೊನ್ನಂಪೇಟೆ ಕಡೆ ಕಾಫಿ ತೋಟದ ಅಂಚಿನಲ್ಲಿ ಯಾರ್ಕ್‌ಶೈರ್ ಹಂದಿ ಸಾಕುವ ನಮಗೆ ಆಗಸ್ಟ್ ಅರ್ಧ ಕಳೆಯುವಷ್ಟರಲ್ಲಿ ಫೋನ್ ಮೇಲೆ ಫೋನ್. ಅಕ್ಕಿ ತರಿಯ ಉಂಡೆ ಕಡಂಬಿಟ್ಟಿನ ಜೊತೆ ಪಂದಿ ಕರಿ, ಅಂದರೆ ಹಂದಿ ಮಾಂಸದ ಸಾರು, ಇಲ್ಲದಿದ್ದರೆ ನಮ್ಮ ಮನೆಯಲ್ಲೂ ಅದು ಹಬ್ಬ ಅನ್ನಿಸುವುದಿಲ್ಲ. ಹಾಗಾಗಿ ಮಾಂಸ ಬಿಡಿ ಎಂದು ಯಾರಿಗೂ ಹೇಳುತ್ತಿಲ್ಲ. ನಮ್ಮ ಗೂಡು ಬಿಟ್ಟ ಮೇಲೆ ಹಂದಿಗೆ ಆಗುವುದರ ಬಗ್ಗೆ ಮಾತ್ರ ನನ್ನ ಮಾತು.

ಹಬ್ಬದ ಹಿಂದಿನ ದಿನ ಕೆಲವು ಅಂಗಡಿಗಳ ಹಿತ್ತಲಿಗೆ ಹೋಗಿ ನೋಡಿ. ನಾಲ್ಕೂ ಕಾಲು ಕಟ್ಟಿದ ಹಂದಿಗಳನ್ನು ಪಿಕಪ್‌ನಿಂದ ಕಿವಿ ಹಿಡಿದು ಎಳೆದು ಹಾಕಿರುತ್ತಾರೆ. ಒಂದನ್ನು ಕಡಿಯುವಾಗ ಉಳಿದವು ಎರಡು ಮಾರು ದೂರದಲ್ಲಿ ಬಿದ್ದು ಅದನ್ನೇ ನೋಡುತ್ತಿರುತ್ತವೆ. ಹಂದಿಗೆ ನಮ್ಮ ಹಾಗೆ ಬೆವರಿ ಮೈ ತಣಿಸಿಕೊಳ್ಳಲು ಬರುವುದಿಲ್ಲ. ಕಟ್ಟಿಹಾಕಿದರೆ, ಹೆದರಿಸಿದರೆ ಮೈ ಕಾಯುತ್ತಲೇ ಹೋಗುತ್ತದೆ. ಆ ಗಾಬರಿಯಲ್ಲೇ ಕಡಿದರೆ ಸ್ನಾಯುವಿನಲ್ಲಿ ಆಮ್ಲ ಬೇಗ ಏರಿ, ಮಾಂಸ ಬಿಳಿಚಿಕೊಂಡು ಮೆತ್ತಗಾಗಿ ನೀರು ಬಿಡುತ್ತದೆ. ಪಾತ್ರೆ ತುಂಬ ನೀರು ಬಂತು ಎಂದು ಗೊಣಗುವವರು ಇದನ್ನೂ ತಿಳಿದಿರಲಿ.

ಒಂದು ಪ್ರಾಣಿಯ ಕಣ್ಣೆದುರು ಇನ್ನೊಂದನ್ನು ಕಡಿಯಬಾರದು, ಪಶುವೈದ್ಯರು ನೋಡಿದ ಮೇಲೆ 24 ಗಂಟೆ ವಿಶ್ರಾಂತಿ ಕೊಡಬೇಕು ಎಂದು 2001ರ ಕಸಾಯಿಖಾನೆ ನಿಯಮಗಳಲ್ಲೇ ಇದೆ. ಆದರೆ ದಿನಕ್ಕೆ 10 ಅಥವಾ ಅದಕ್ಕಿಂತ ಹೆಚ್ಚು ಪ್ರಾಣಿ ಕಡಿಯುವ ಜಾಗವನ್ನು ಮಾತ್ರ ಆ ನಿಯಮಗಳು ಕಸಾಯಿಖಾನೆ ಎನ್ನುತ್ತವೆ. ಒಂದೆರಡು ಹಂದಿ ಕಡಿಯುವ ನಮ್ಮೂರ ಹಿತ್ತಲು ಅದರ ಲೆಕ್ಕಕ್ಕೇ ಬರುವುದಿಲ್ಲ. ನನಗೆ ಸಂಕಟವಾಗುವುದು ಇಲ್ಲೇ.

ಸರಿಯಾದ ಕ್ರಮ ಎಂದರೆ ಮೊದಲು ಪ್ರಜ್ಞೆ ತಪ್ಪಿಸುವುದು. ವಿದ್ಯುತ್ ಇಕ್ಕಳವನ್ನು ತಲೆಯ ಎರಡೂ ಬದಿಗೆ, ಕಣ್ಣು ಕಿವಿಗಳ ನಡುವೆ ಒತ್ತಿ ಹಿಡಿಯುತ್ತಾರೆ. ಕನಿಷ್ಠ 1.3 ಆಂಪಿಯರ್ ಮಿದುಳಿನ ಮೂಲಕ ಹರಿದರೆ ಹಂದಿ ಸೆಟೆದು ಬೀಳುತ್ತದೆ, ಉಸಿರಾಟದ ಲಯ ನಿಲ್ಲುತ್ತದೆ, ಕಣ್ಣು ಮುಟ್ಟಿದರೂ ರೆಪ್ಪೆ ಮಿಟುಕುವುದಿಲ್ಲ. 15 ಸೆಕೆಂಡಿನೊಳಗೆ ರಕ್ತ ಹರಿಸಬೇಕು, ತಡವಾದರೆ ಎಚ್ಚರವಾದೀತು. ದಯವಿಟ್ಟು ಇದನ್ನು ಓದಿ ಯಾರೂ ಮನೆಯ ಪ್ಲಗ್‌ನಿಂದ ವೈರ್ ಎಳೆಯಬೇಡಿ. ಕರೆಂಟು ಮಿದುಳು ತಪ್ಪಿ ಮೈಯಲ್ಲಿ ಹರಿದರೆ ಹಂದಿಗೆ ಅಲ್ಲಾಡಲು ಆಗುವುದಿಲ್ಲ, ನೋವು ಮಾತ್ರ ಪೂರ್ತಿ ತಿಳಿಯುತ್ತದೆ. ಒದ್ದೆ ನೆಲದಲ್ಲಿ ನಿಂತವರ ಜೀವಕ್ಕೂ ಅಪಾಯ. ಪಂಚಾಯಿತಿ ಮಟ್ಟದಲ್ಲಿ ಇಂಥದ್ದೊಂದು ಸಲಕರಣೆ, ತರಬೇತಾದ ಒಬ್ಬರು, ತೊಳೆಯಲು ಬರುವ ಒಂದು ಕಟ್ಟೆ ಇದ್ದರೆ ಸುತ್ತಲಿನ ಅಂಗಡಿಗಳೆಲ್ಲ ಬಳಸಬಹುದು. ಇದನ್ನು ಗ್ರಾಮಸಭೆಯಲ್ಲಿ ಕೇಳುತ್ತಲೇ ಇದ್ದೇನೆ, ಇನ್ನೂ ಕೇಳುತ್ತೇನೆ.

ಅಲ್ಲಿಯವರೆಗೆ ದುಡ್ಡು ಬೇಡದ ಕೆಲಸಗಳಿವೆ. ನಮ್ಮ ಗೂಡಿನಿಂದ ಪಿಕಪ್‌ಗೆ ಹತ್ತುವ ಹಲಗೆಯ ಮೇಲೆ ಬೆಳಗಿನ ಬಿಸಿಲು ಒಂದು ಪಟ್ಟಿಯಾಗಿ ಬೀಳುತ್ತದೆ. ಹಂದಿ ಸರಿಯಾಗಿ ಅಲ್ಲೇ ನಿಂತು, ಮೂತಿ ನೆಲಕ್ಕೆ ಹಚ್ಚಿ, ಹಿಂದೆ ಸರಿಯುತ್ತಿತ್ತು. ಪಕ್ಕಕ್ಕೆ ಗೋಣಿ ಕಟ್ಟಿ ಬಿಸಿಲು ಮರೆಮಾಡಿ, ಹಲಗೆಗೆ ಹುಲ್ಲು ಹಾಸಿ, ಕೋಲಿನ ಬದಲು ಅಗಲವಾದ ಪ್ಲೈವುಡ್ ಹಲಗೆಯನ್ನು ಹಿಂದಿನಿಂದ ಹಿಡಿದರೆ ಸಾಕು, ಮೂಸುತ್ತಾ ತಾನೇ ಹತ್ತಿತು. ಒಂದು ಕೂಗೂ ಇಲ್ಲ.

ನಾವು ಕೊಡುವ ಅಂಗಡಿಯವರಿಗೆ, "ಅಣ್ಣ, ಕಡಿಯುವ ಜಾಗಕ್ಕೆ ಅಡ್ಡ ಒಂದು ತಟ್ಟಿ ಕಟ್ಟಿ, ಕಾಲು ಕಟ್ಟಿ ಒಯ್ಯಬೇಡಿ" ಎಂದೆ. "ಗಿರಾಕಿ ಯಾರೂ ಕೇಳಲ್ಲ ಅಕ್ಕಾ, ಎಲ್ರಿಗೂ ಬೇಗ ಆಗ್ಬೇಕು" ಎಂದರು. ಆದರೂ ತಗಡಿನ ತಟ್ಟಿ ಕಟ್ಟಿದರು. ಈಗ ಹಿಂದಿನ ಸಂಜೆಯೇ ಹಂದಿ ಕಳಿಸುತ್ತೇವೆ. ರಾತ್ರಿ ಮೇವಿಲ್ಲ, ನೀರು ಮಾತ್ರ, ಮಲಗಲು ಒಣ ಹುಲ್ಲು.

ಈ ಸಲ ಹಬ್ಬಕ್ಕೆ ಮಾಂಸ ಹೇಳುವಾಗ ಕೊಬ್ಬು ಎಷ್ಟಿರಲಿ ಎಂದು ಹೇಳುತ್ತೀರಲ್ಲ, ಅದರ ಜೊತೆಗೇ ಕೇಳಿ: ಹಂದಿ ಎಷ್ಟು ಹೊತ್ತಿಗೆ ಬಂತು, ನೀರು ಕೊಟ್ಟಿರಾ, ಉಳಿದವನ್ನು ಎಲ್ಲಿ ಇಟ್ಟಿದ್ದೀರಿ?