ಗೌರಿ ಹೂವಿನ ಎರಡು ಹಾಳೆ

ನನ್ನ ಗೆಳತಿ ಒಂದು ಮ್ಯೂಸಿಯಂನ ಹರ್ಬೇರಿಯಂನಲ್ಲಿ ಕೆಲಸ ಮಾಡುತ್ತಾಳೆ. ಹರ್ಬೇರಿಯಂ ಅಂದರೆ ಒಣಗಿಸಿದ ಗಿಡಗಳನ್ನು ಹಾಳೆಗೆ ಅಂಟಿಸಿ ಕಾಪಾಡುವ ಜಾಗ. ನನಗೆ ಒಣಗಿದ ಗಿಡಗಳ ಮೇಲೆ ಅಂಥ ಆಸಕ್ತಿಯೇನೂ ಇರಲಿಲ್ಲ. ಅವರಲ್ಲಿ ಹಳೇ ಕಾಲದ ಗಿಡಗಳ ಚಿತ್ರಗಳೂ ಇವೆ, ಕೈಯಲ್ಲಿ ಬರೆದು ಬಣ್ಣ ಹಚ್ಚಿದವು. ಅವನ್ನು ತೋರಿಸು ಅಂತ ಬಹಳ ದಿನದಿಂದ ಅವಳ ತಲೆ ತಿನ್ನುತ್ತಿದ್ದೆ. ಕೊನೆಗೊಂದು ದಿನ, "ಬಾರೇ, ಆದ್ರೆ ಪೆನ್ನು ತರ್ಬೇಡ, ಪೆನ್ಸಿಲ್ ಮಾತ್ರ" ಎಂದಳು.

ಒಳಗೆ ಚಳಿ. ಉದ್ದಕ್ಕೂ ಉಕ್ಕಿನ ಬೀರುಗಳು. ಒಂದರ ಬಾಗಿಲು ತೆಗೆದರೆ ನುಸಿಗುಳಿಗೆಯ ವಾಸನೆ ಮುಖಕ್ಕೆ ಹೊಡೆಯಿತು. ಬ್ಯಾಗು, ನೀರಿನ ಬಾಟಲಿ ಎಲ್ಲ ಹೊರಗೇ ಇಟ್ಟಾಗಿತ್ತು.

ಅವಳು ಮೊದಲು ತೆಗೆದದ್ದು ಗೌರಿ ಹೂವಿನ ಚಿತ್ರ. ಅಗ್ನಿಶಿಖೆ ಅಂತಲೂ ಕರೆಯುತ್ತಾರಲ್ಲ, ಅದೇ. ತೆಳು ಕಾಗದ ಸರಿಸಿದ ಕೂಡಲೇ ಹೂವು ಎದ್ದು ಬಂದ ಹಾಗಾಯಿತು. ಹಿಂದಕ್ಕೆ ಬಾಗಿದ ಅಲೆ ಅಲೆಯಾದ ಎಸಳುಗಳು, ಬುಡದಲ್ಲಿ ಹಳದಿ, ತುದಿಯಲ್ಲಿ ಕೆಂಪು. ಎಲೆಯ ತುದಿ ಬಳ್ಳಿಯ ಕುಡಿಯಂತೆ ಸುರುಳಿ ಸುತ್ತಿ ಪಕ್ಕದ ಕಡ್ಡಿಯನ್ನು ಹಿಡಿದಿದೆ. ಭೂತಗನ್ನಡಿ ಹಿಡಿದು ನೋಡಿದರೆ ಬಣ್ಣದ ಕೆಳಗೆ ಪೆನ್ಸಿಲ್ ಗೆರೆ ಕಾಣುತ್ತದೆ. ಕೆಲವು ಎಲೆಗಳಿಗೆ ಅರ್ಧ ಮಾತ್ರ ಬಣ್ಣ, ಇನ್ನರ್ಧ ಬರೀ ಗೆರೆ. ಎಲ್ಲ ಎಲೆಗೂ ಹಸಿರು ಹಚ್ಚುತ್ತಾ ಕೂತರೆ ಹೊತ್ತು ಹೋಗುತ್ತದೆ, ಹಸಿರು ಯಾವುದು ಅಂತ ಗೊತ್ತಾದರೆ ಸಾಕಲ್ವಾ? ಪಕ್ಕದ ಇನ್ನೊಂದು ಚಿತ್ರದಲ್ಲಿ ಬಿಳಿ ಹೂವಿನ ಎಸಳುಗಳು ಕಪ್ಪಗಾಗಿದ್ದವು. ಆಗಿನ ಬಿಳಿ ಬಣ್ಣದಲ್ಲಿ ಸೀಸ ಇರುತ್ತಿತ್ತು. ಗಾಳಿಯಲ್ಲಿರುವ ಗಂಧಕದ ಅಂಶ ತಾಗಿ ಅದು ವರ್ಷಗಳ ಮೇಲೆ ಕಪ್ಪಾಗುತ್ತದಂತೆ.

ಗೌರಿ ಹೂವಿನ ಚಿತ್ರವನ್ನು ಮತ್ತೆ ನೋಡಿದಾಗ ಒಂದು ತಮಾಷೆ ಹೊಳೆಯಿತು. ಒಂದೇ ಬಳ್ಳಿಯಲ್ಲಿ ಹಸಿರು ಮೊಗ್ಗಿದೆ, ಆಗ ತಾನೇ ಅರಳಿದ ಹಳದಿ ಹೂವಿದೆ, ಪೂರ್ತಿ ಕೆಂಪಾದದ್ದಿದೆ. ಒಡೆದು ಕೆಂಪು ಬೀಜ ತೋರಿಸುತ್ತಿರುವ ಕಾಯಿಯೂ ಇದೆ. ಕೆಳಗೆ ಕವಲೊಡೆದ ಗೆಡ್ಡೆ. ವಾರಗಟ್ಟಲೆ ನಡೆಯುವ ಸಂಗತಿ ಒಂದೇ ಹಾಳೆಯಲ್ಲಿ! ಹೀಗೆ ಎಲ್ಲವನ್ನೂ ಒಟ್ಟಿಗೆ ಹೊತ್ತ ಬಳ್ಳಿಯನ್ನು ಆ ಚಿತ್ರಕಾರ ನೋಡಿರುವುದು ಅನುಮಾನ. "ಬೇಕಂತಲೇ ಹಾಗೆ ಮಾಡ್ತಾರೆ" ಎಂದಳು ಗೆಳತಿ. ಗಿಡ ಗುರುತು ಹಿಡಿಯುವವರಿಗೆ ಎಲ್ಲ ಹಂತವೂ ಒಂದೇ ಕಡೆ ಸಿಗಬೇಕು.

ಇಂಥ ಚಿತ್ರಗಳಿಗೆ ದೊಡ್ಡ ದೊಡ್ಡ ಕಥೆಗಳಿವೆ. ಹೊಸ ನಾಡು ಹುಡುಕಿ ಹೊರಟ ಬ್ರಿಟಿಷ್ ನಾವಿಕ ಕ್ಯಾಪ್ಟನ್ ಕುಕ್‌ನ ಎಂಡೆವರ್ ಹಡಗಿನಲ್ಲಿ ಸಿಡ್ನಿ ಪಾರ್ಕಿನ್ಸನ್ ಎಂಬ ತರುಣ ಚಿತ್ರಕಾರನಿದ್ದ. ಹೊಸ ಗಿಡಗಳು ಬಂದು ಬೀಳುವ ವೇಗಕ್ಕೆ ಅವನ ಕೈ ಸಾಲಲಿಲ್ಲ. ಗೆರೆ ಎಳೆದು, ಒಂದಿಷ್ಟು ಬಣ್ಣ ಮುಟ್ಟಿಸಿ, ಉಳಿದ ಬಣ್ಣ ಯಾವುದು ಅಂತ ಹಾಳೆಯಲ್ಲೇ ಬರೆದಿಟ್ಟ. ಊರು ಸೇರುವ ಮೊದಲೇ, 1771ರಲ್ಲಿ ಹಡಗಿನಲ್ಲೇ ತೀರಿಕೊಂಡ. ಲಂಡನ್ನಿನಲ್ಲಿ ಬೇರೆಯವರು ಅವನ ಟಿಪ್ಪಣಿ ನೋಡಿ ಚಿತ್ರ ಮುಗಿಸಿದರು. ಅದೇ ಹಡಗಿನಲ್ಲಿ ಹೋಗಿದ್ದ ಸಸ್ಯವಿಜ್ಞಾನಿ ಜೋಸೆಫ್ ಬ್ಯಾಂಕ್ಸ್ ಅವುಗಳಲ್ಲಿ ಬಹಳಷ್ಟನ್ನು 743 ತಾಮ್ರದ ಫಲಕಗಳಲ್ಲಿ ಕೊರೆಸಿದ, ಆದರೆ ತಾನು ಬದುಕಿರುವವರೆಗೂ ಪ್ರಕಟಿಸಲಿಲ್ಲ. ಅವು ಪೂರ್ತಿಯಾಗಿ ಬಣ್ಣದಲ್ಲಿ ಅಚ್ಚಾದದ್ದು 1980ರ ದಶಕದಲ್ಲಿ. ಫರ್ಡಿನಾಂಡ್ ಬಾವರ್ ಎಂಬ ಇನ್ನೊಬ್ಬ ಚಿತ್ರಕಾರ ಇನ್ನೂ ಜಾಣ. ಬಣ್ಣದ ಒಂದೊಂದು ಛಾಯೆಗೂ ಒಂದೊಂದು ನಂಬರ್ ಕೊಟ್ಟುಕೊಂಡಿದ್ದ. ಸ್ಥಳದಲ್ಲಿ ಗೆರೆ ಎಳೆದು ನಂಬರ್ ಬರೆದುಕೊಂಡರೆ, ವರ್ಷಗಳ ನಂತರ ಮನೆಯಲ್ಲಿ ಕೂತು ಬಣ್ಣ ತುಂಬುತ್ತಿದ್ದ.

ನಮ್ಮ ಕಡೆಯ ಚಿತ್ರಕಾರರಿಗೆ ಇಷ್ಟು ಹೆಸರೂ ಸಿಗಲಿಲ್ಲ. ಮದ್ರಾಸಿನಲ್ಲಿ ರಾಬರ್ಟ್ ವೈಟ್ ಎಂಬ ವೈದ್ಯನಿಗೆ ರಂಗಯ್ಯ, ಗೋವಿಂದು ಎಂಬ ಇಬ್ಬರು ಚಿತ್ರ ಬರೆದುಕೊಟ್ಟರು. ವೈಟ್ ಒಂದು ಆರ್ಕಿಡ್ ಕುಲಕ್ಕೆ ಗೋವಿಂದೂಯಾ ಅಂತಲೇ ಹೆಸರಿಟ್ಟ, ಆ ಮಟ್ಟಿಗೆ ದೊಡ್ಡ ಮನುಷ್ಯ. ಈಗ ಆ ಕುಲದ ಹೆಸರು ಬಳಕೆಯಲ್ಲಿಲ್ಲ, ಆ ಮಾತು ಬೇರೆ. 1840ರ ದಶಕದಲ್ಲಿ ಶಿವಮೊಗ್ಗದಲ್ಲಿದ್ದ ಹ್ಯೂ ಕ್ಲೆಗ್‌ಹಾರ್ನ್ ಎಂಬ ಇನ್ನೊಬ್ಬ ವೈದ್ಯ ಅಲ್ಲಿನ ಗಿಡಗಳನ್ನು ಒಬ್ಬ ಮರಾಠಿ ಚಿತ್ರಕಾರನಿಂದ ಬರೆಸಿದ. ಚಿತ್ರಗಳು ಈಗ ಎಡಿನ್‌ಬರೋದ ಸಸ್ಯೋದ್ಯಾನದಲ್ಲಿ ಭದ್ರವಾಗಿವೆ. ಬರೆದವನು ಮಾತ್ರ ಬರೀ 'ಮರಾಠಿ ಚಿತ್ರಕಾರ' ಆಗಿಯೇ ಉಳಿದಿದ್ದಾನೆ.

ಇದೆಲ್ಲ ಮಾತಾಡುತ್ತಿರುವಾಗ ಗೆಳತಿ ಇನ್ನೊಂದು ಬೀರುವಿನಿಂದ ಒಂದು ಕಡತ ತಂದಳು. "ಇದೂ ಗೌರಿ ಹೂವೇ. ಕೈ ಮುಟ್ಟಿಸ್ಬೇಡ, ವಿಷ ಹಚ್ಚಿರಬಹುದು." ಹಳೆಯ ಹಾಳೆಗಳಿಗೆ ಹುಳ ಹಿಡಿಯದಿರಲಿ ಅಂತ ಪಾದರಸದ ಲವಣ ಹಚ್ಚುತ್ತಿದ್ದರಂತೆ. ಈಗ ಅದನ್ನು ಬಿಟ್ಟು ಫ್ರೀಜರ್‌ನಲ್ಲಿಟ್ಟು ಹುಳ ಸಾಯಿಸುತ್ತಾರೆ.

ತೆರೆದರೆ ಏನಿದೆ? ಹಪ್ಪಳದಂತೆ ಒಣಗಿ ಕಂದಾದ ಒಂದು ಬಳ್ಳಿ. ಕೆಂಪು ಹೋಗಿ ಎಷ್ಟು ಕಾಲವಾಯಿತೋ. ಕಾಂಡವನ್ನು ಹಾಳೆಗೆ ದಾರದಿಂದ ಹೊಲಿದಿದ್ದಾರೆ. ಗೆಡ್ಡೆ ದಪ್ಪವಾದ್ದರಿಂದ ಸೀಳಿ ತೆಳ್ಳಗೆ ಮಾಡಿ ಒತ್ತಿದ್ದಾರೆ. ಎಲೆಯಲ್ಲೊಂದು ಹುಳ ತಿಂದ ತೂತು. ಮೂಲೆಯಲ್ಲಿ ಪುಟ್ಟ ಕಾಗದದ ಪೊಟ್ಟಣ. ಅದರೊಳಗೆ ಉದುರಿದ ಎರಡು ಕೇಸರ, ಒಂದು ಮುರಿದ ಕಡ್ಡಿ. ಆ ಕಡ್ಡಿ ಹೂವಿನ ಹೆಣ್ಣು ಭಾಗ. ಈ ಹೂವಿನಲ್ಲಿ ಅದು ಬುಡದಲ್ಲೇ ಥಟ್ಟನೆ ಪಕ್ಕಕ್ಕೆ ತಿರುಗಿರುತ್ತದೆ. ಮುರಿದ ಮೇಲೂ ಆ ಬಾಗು ಹಾಗೇ ಇತ್ತು. ಕೆಳಗೆ ಚೀಟಿಗಳು, ಒಂದರ ಪಕ್ಕ ಒಂದು. ಸಂಗ್ರಹಿಸಿದವರ ಹೆಸರು, ಜಾಗ, ತಾರೀಕು, ಆಮೇಲೆ ಯಾರ್ಯಾರೋ ಬಂದು ಪರೀಕ್ಷಿಸಿ ಬರೆದ ಗುರುತು.

ಚಿತ್ರದ ಮುಂದೆ ಇದು ಸಪ್ಪೆ ಅನ್ನಿಸಿತು. ಬಾಯಿಬಿಟ್ಟು ಹೇಳಿಯೂಬಿಟ್ಟೆ.

ಅವಳು ಒಪ್ಪಲಿಲ್ಲ. 1987ರಲ್ಲಿ ಇಯಾನ್ ವುಡ್‌ವರ್ಡ್ ಎಂಬ ವಿಜ್ಞಾನಿ ಹಳೆಯ ಹರ್ಬೇರಿಯಂ ಎಲೆಗಳ ಮೇಲಿನ ಪತ್ರರಂಧ್ರಗಳನ್ನು, ಅಂದರೆ ಎಲೆ ಉಸಿರಾಡುವ ಸಣ್ಣ ತೂತುಗಳನ್ನು ಎಣಿಸಿದ. 200 ವರ್ಷಗಳಲ್ಲಿ ಅವು ಸುಮಾರು ಶೇಕಡಾ 40ರಷ್ಟು ಕಡಿಮೆಯಾಗಿದ್ದವು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿಯಾದ ಹಾಗೆ ಎಲೆಗೆ ಅಷ್ಟು ತೂತು ಬೇಕಾಗಲಿಲ್ಲ. ಐರ್ಲೆಂಡಿನ ಬರಗಾಲಕ್ಕೆ ಕಾರಣವಾದ ಆಲೂಗಡ್ಡೆ ರೋಗದ್ದೂ ಇದೇ ಕಥೆ. 1840ರ ದಶಕದಲ್ಲಿ ಒತ್ತಿಟ್ಟಿದ್ದ ರೋಗಿಷ್ಟ ಎಲೆಗಳಿಂದ ಡಿಎನ್ಎ ತೆಗೆದು, ಆ ರೋಗಾಣುವಿನ ತಳಿ ಯಾವುದೆಂದು 2013ರಲ್ಲಿ ಕಂಡುಹಿಡಿದರು. ಎಲೆ ಒತ್ತಿದವರಿಗೆ ಡಿಎನ್ಎ ಎಂಬ ಮಾತೇ ಗೊತ್ತಿರಲಿಲ್ಲ. ಚಿತ್ರ ಬರೆಯುವವರು ಎಷ್ಟೇ ಜಾಣರಿರಲಿ, ತಾವು ಕಂಡದ್ದನ್ನಷ್ಟೇ ಬರೆಯಬಲ್ಲರು. ಒಣ ಎಲೆಯಲ್ಲಿ ಯಾರೂ ನೋಡದೇ ಇದ್ದದ್ದೂ ಬಂದು ಕೂತಿರುತ್ತದೆ.

ಹಾಗಂತ ಚಿತ್ರ ಸುಮ್ನೆ ಅಲಂಕಾರಕ್ಕೂ ಅಲ್ಲ. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ 12 ಸಂಪುಟಗಳಾಗಿ ಬಂದ 'ಹಾರ್ಟಸ್ ಮಲಬಾರಿಕಸ್'ನಲ್ಲಿ ಕೇರಳದ ಗಿಡಗಳ ಚಿತ್ರಗಳಿವೆ. ಗಿಡಗಳಿಗೆ ವೈಜ್ಞಾನಿಕ ಹೆಸರಿಡುವ ಪದ್ಧತಿ ತಂದ ಲಿನೇಯಸ್ ಅವನ್ನು ನೋಡಿ ಎಷ್ಟೋ ಗಿಡಗಳನ್ನು ತನ್ನ ಪಟ್ಟಿಗೆ ಸೇರಿಸಿಕೊಂಡ. ಅವುಗಳಲ್ಲಿ ಕೆಲವಕ್ಕೆ ಇವತ್ತಿಗೂ ಚಿತ್ರವೇ ಮೂಲ ಮಾದರಿ, ಅಂದರೆ ಗಿಡದ ಹೆಸರು ನಿಂತಿರುವುದೇ ಆ ಹಾಳೆಯ ಮೇಲೆ. 1943ರಲ್ಲಿ ಬರ್ಲಿನ್ನಿನ ಹರ್ಬೇರಿಯಂ ಬಾಂಬ್ ದಾಳಿಗೆ ಸುಟ್ಟುಹೋದಾಗ ಲಕ್ಷಾಂತರ ಹಾಳೆಗಳು ಬೂದಿಯಾದವು. ಎಷ್ಟೋ ಮಾದರಿಗಳದ್ದು ಈಗ ಉಳಿದಿರುವುದು ಮೊದಲೇ ತೆಗೆದಿದ್ದ ಫೋಟೋ ಮಾತ್ರ.

ಊಟದ ನಂತರ ಎರಡು ಹಾಳೆಗಳನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೂತೆವು. ಚಿತ್ರದಲ್ಲಿ ಎಲೆಯ ತುದಿಯ ಸುರುಳಿ ಎಲ್ಲ ಎಲೆಗೂ ಒಂದೇ ಥರ, ಮುದ್ದಾಗಿ. ಒಣ ಬಳ್ಳಿಯಲ್ಲಿ ಕೆಳಗಿನ ಎಲೆಗಳಿಗೆ ಸುರುಳಿಯೇ ಇಲ್ಲ, ಮೇಲಿನವಕ್ಕೆ ಮಾತ್ರ ಇದೆ. ಹುಡುಕಿ ಹುಡುಕಿ ಇಂಥ ವ್ಯತ್ಯಾಸ ಹಿಡಿಯುವುದರಲ್ಲಿ ಸಂಜೆಯಾಗಿದ್ದೇ ತಿಳಿಯಲಿಲ್ಲ.

ಅವರಲ್ಲಿ ಈಗ ಎಲ್ಲವನ್ನೂ ಸ್ಕ್ಯಾನ್ ಮಾಡುತ್ತಿದ್ದಾರೆ. ಚಿತ್ರಗಳನ್ನು ನೋಡಲು ಜನ ಮುಗಿಬೀಳುತ್ತಾರಂತೆ, ಒಣಗಿಡದ ಹಾಳೆ ಕೇಳುವವರು ಕಡಿಮೆಯಂತೆ. ಅದರಲ್ಲೂ ಹುಲ್ಲಿನ ಬೀರುಗಳ ಕಡೆ ಯಾರೂ ತಿರುಗಿಯೂ ನೋಡುವುದಿಲ್ಲವಂತೆ. ಮುಂದಿನ ಸಲ ಅದನ್ನೇ ತೆಗೆಸು ಎಂದೆ. "ಹುಲ್ಲಾ? ಅದರ ಹೂವು ನೋಡೋಕೆ ಮೈಕ್ರೋಸ್ಕೋಪ್ ಬೇಕು ಕಣೇ" ಎಂದು ನಕ್ಕಳು. ಆದರೂ ಕಂಪ್ಯೂಟರ್ ತೆರೆದು, ಮೈಕ್ರೋಸ್ಕೋಪ್ ಯಾವತ್ತು ಖಾಲಿ ಇದೆ ಅಂತ ನೋಡತೊಡಗಿದಳು.