ನೆಪ್ಚೂನ್ ಸಿನಿಮಾಕ್ಕೆ ಹೋದ ದಿನ

ಹೋದ ತಿಂಗಳು ನಮ್ಮ ವಿಜ್ಞಾನದ ಮೇಷ್ಟ್ರು ತೀರಿಕೊಂಡರು. ಸುದ್ದಿ ಬಂದಾಗ ಯಾರದೋ ಹೊಲದ ಗಡಿಕಲ್ಲಿನ ಪಕ್ಕ ಟೇಪು ಹಿಡಿದು ನಿಂತಿದ್ದೆ. ಗೌರಿಬಿದನೂರಿನ ಆ ಹೈಸ್ಕೂಲಿನಲ್ಲಿ ಮೂರು ವರ್ಷ ಓದಿದೆ. ಪಾಠ ಒಂದೂ ನೆನಪಿಲ್ಲ. ಒಂದು ಎಳನೀರು ಮಾತ್ರ ನೆನಪಿದೆ.

1984. ರಾಕೇಶ್ ಶರ್ಮಾ ಆಕಾಶಕ್ಕೆ ಹೋಗಿ ಬಂದ ವರ್ಷ. ಒಂಬತ್ತನೇ ಕ್ಲಾಸಿನ ಅರ್ಧ ಹುಡುಗರು ಗಗನಯಾತ್ರಿಗಳಾಗೋದೇ ಅಂತ ತೀರ್ಮಾನ ಮಾಡಿದ್ದೆವು. 'ಮೊದಲು ದೂರ ಎಷ್ಟು ಅಂತ ನೋಡ್ಕೊಳ್ಳಿ ಬನ್ರೋ' ಅಂತ ಮೇಷ್ಟ್ರು ನಮ್ಮನ್ನು ಮೈದಾನಕ್ಕೆ ಎಬ್ಬಿಸಿಕೊಂಡು ಹೋದರು. ಕೈಯಲ್ಲಿ ಎಳನೀರು, ಜೇಬಿನಲ್ಲಿ ರಾಗಿ.

ಎಳನೀರು ಸೂರ್ಯ. ಅಲ್ಲಿಂದ 23 ಹೆಜ್ಜೆ ನಡೆದು, ಅಂಗೈ ಮೇಲೆ ಒಂದು ರಾಗಿಕಾಳು ಇಟ್ಟು ಭೂಮಿ ಅಂದರು. ಪಕ್ಕದಲ್ಲಿ ಮೂರು ಬೆರಳು ಅಗಲಕ್ಕೆ ಚಂದ್ರ. ಅದಕ್ಕೆ ರಾಗಿಯೂ ದೊಡ್ಡದೇ. ನುಚ್ಚಿನ ಒಂದು ಚೂರು ಇಟ್ಟರು. '1969ರಿಂದ 72ರವರೆಗೆ ಮನುಷ್ಯ ಹೋಗಿದ್ದು ಈ ಮೂರು ಬೆರಳು. ನಿಮ್ಮ ಶರ್ಮಾ ಹೋಗಿದ್ದು ರಾಗಿಗೆ ಮೆತ್ತಿದ ಧೂಳಿನಷ್ಟು ಎತ್ತರ.' ನಮ್ಮ ಮುಖ ಸಣ್ಣಗಾಯಿತು.

ಗುರು ಗ್ರಹಕ್ಕೆ ನೆಲ್ಲಿಕಾಯಿ ಹಿಡಿದವನು 121 ಹೆಜ್ಜೆಗೆ ನಿಂತ. ಕೊನೆಗೆ ನಾನು, ನೆಪ್ಚೂನ್. ಆಗ ಪ್ಲೂಟೊ ಕೂಡ ಗ್ರಹವೇ. ಆದರೆ 1979ರಿಂದ 20 ವರ್ಷ ಅದು ನೆಪ್ಚೂನ್‌ಗಿಂತ ಒಳಗಿತ್ತು. ಹಾಗಾಗಿ ಎಲ್ಲರಿಗಿಂತ ಆಚೆ ನಿಲ್ಲುವ ಭಾಗ್ಯ ನನ್ನದು. '700 ಹೆಜ್ಜೆ. ನಿನ್ನ ಕಾಲು ಗಿಡ್ಡ, ಇನ್ನೂ 50 ಸೇರಿಸ್ಕೋ' ಅಂದರು.

ಕಾಂಪೌಂಡು ದಾಟಿದೆ. ರಸ್ತೆ ದಾಟಿದೆ. ಎಣಿಕೆ ಮುಗಿದ ಕಡೆಯೇ ಟಾಕೀಸು ಸಿಗಬೇಕಾ? ಮ್ಯಾಟಿನಿಗೆ ಬೆಲ್ಲು ಹೊಡೆಯುತ್ತಿತ್ತು. ತಪ್ಪು ನನ್ನದಲ್ಲ.

ಸಂಜೆ ವಾಪಸ್ ಬಂದಾಗ ಮೈದಾನದಲ್ಲಿ ಮೇಷ್ಟ್ರು ಒಬ್ಬರೇ ಕೂತಿದ್ದರು. ಪಕ್ಕದಲ್ಲಿ ಬುರುಡೆ ಮಾತ್ರ ಉಳಿದಿತ್ತು. ಬುಧ ಮತ್ತು ಶುಕ್ರ ಸೇರಿ ಸೂರ್ಯನನ್ನು ಕುಡಿದುಬಿಟ್ಟಿದ್ದರು. 'ಸೂರ್ಯನ ಬೆಳಕೇ ನೆಪ್ಚೂನ್ ತಲುಪೋಕೆ 4 ಗಂಟೆ ಬೇಕು ಕಣೋ. ನೀನು ಮೂರೇ ಗಂಟೆಗೆ ಹೋಗಿ ಬಂದ್ಯಲ್ಲ!' ಅಂದರು. ಆಮೇಲೆ ತಲೆ ಮೇಲೊಂದು ಮೊಟಕಿದರು. ಅದೂ ಬೆಳಕಿನ ವೇಗದಲ್ಲೇ ಬಂತು.

ಮುಂದಿನ ಎಳನೀರು ಎಲ್ಲಿಡಬೇಕು ಸಾರ್, ಅಂತ ಕೇಳಿದೆ. ಸೂರ್ಯನ ಪಕ್ಕದ ಮನೆಯ ನಕ್ಷತ್ರ ಆಲ್ಫಾ ಸೆಂಟಾರಿ, 4.3 ಬೆಳಕಿನ ವರ್ಷ ದೂರ. 'ಬೀಜಿಂಗ್‌ನಲ್ಲಿ' ಅಂದರು. ತಮಾಷೆ ಅಂದುಕೊಂಡಿದ್ದೆ. ಎಷ್ಟೋ ವರ್ಷ ಆದಮೇಲೆ ಲೆಕ್ಕ ಹಾಕಿ ನೋಡಿದೆ. ಸರಿಯಾಗೇ ಇತ್ತು.

ಊರಾಚೆಯ ರೇಡಿಯೊ ದೂರದರ್ಶಕಕ್ಕೂ ಸೈಕಲ್ಲಿನಲ್ಲಿ ಕರೆದುಕೊಂಡು ಹೋಗಿದ್ದರು. 1.4 ಕಿಲೋಮೀಟರ್ ಉದ್ದಕ್ಕೆ ಕಂಬ, ತಂತಿ. ಎಲ್ಲ ಸೇರಿ ಸಾವಿರ ಡೈಪೋಲ್, ಅಂದರೆ ರೇಡಿಯೊ ಅಲೆ ಹಿಡಿಯುವ ಆಂಟೆನಾ. ನಮಗೋ, ದ್ರಾಕ್ಷಿ ಬಳ್ಳಿ ಇಲ್ಲದ ಚಪ್ಪರ ನೋಡಿದ ಹಾಗಿತ್ತು. ಕೊಳವೆ ಎಲ್ಲಿ ಸಾರ್, ಅಂದೆವು. 'ಇದು ಕಣ್ಣಲ್ಲ, ಕಿವಿ. ಮೋಡ ಇದ್ದರೂ ಕೇಳಿಸುತ್ತೆ' ಅಂದರು.

ಮೊನ್ನೆ ತಂಗಿಯ ಮೊಮ್ಮಗನ ಸ್ಕೂಲ್ ಪ್ರಾಜೆಕ್ಟ್ ನೋಡಿದೆ. ಅಂಗಡಿಯಲ್ಲಿ ಕೊಂಡ ಥರ್ಮೋಕೋಲ್ ಸೌರವ್ಯೂಹ. ಸೂರ್ಯನ ಪಕ್ಕ ಭೂಮಿ, ಭೂಮಿಯ ಪಕ್ಕ ಗುರು, ಎಲ್ಲ ನಿಂಬೆಹಣ್ಣಿನ ಗಾತ್ರ, ಬಸ್ಸಿನಲ್ಲಿ ಒತ್ತಿಕೊಂಡು ಕೂತ ಹಾಗೆ. ಹತ್ತಕ್ಕೆ ಹತ್ತು ಕೊಟ್ಟಿದ್ದಾರೆ. ಚಂದ್ರಯಾನ-3 ಇಳಿದದ್ದನ್ನು ಇದೇ ಹುಡುಗ ಸ್ಮಾರ್ಟ್ ಬೋರ್ಡಿನಲ್ಲಿ ಲೈವ್ ನೋಡಿದ್ದ. ಖುಷಿಯೇ. ಆದರೆ ಮಧ್ಯದ ಖಾಲಿ ಜಾಗ ಯಾರು ತೋರಿಸ್ತಾರೆ?

ನಾನು ಸರ್ವೆ ಇಲಾಖೆ ಸೇರಿದ್ದು ಆ ಹೆಜ್ಜೆಗಳಿಂದಲೇ ಅಂತ ಎಲ್ಲರಿಗೂ ಹೇಳಿಕೊಂಡು ತಿರುಗುತ್ತೇನೆ. ನನ್ನ ಅಳತೆಯ ಮೇಲೆ ಕೋರ್ಟಿಗೆ ಹೋದವರು ಗೆದ್ದಿಲ್ಲ. ಸುಮ್ನೆ ಹೇಳಿದೆ ಅಷ್ಟೆ.

1989ರ ಆಗಸ್ಟ್ ಕೊನೆಯಲ್ಲಿ ಬಸ್ ಸ್ಟ್ಯಾಂಡಿನಲ್ಲಿ ಮೇಷ್ಟ್ರು ಸಿಕ್ಕಿದ್ದರು. ನಾಸಾದ ನೌಕೆ ವಾಯೇಜರ್-2 ಆಗಷ್ಟೇ ನೆಪ್ಚೂನ್ ಹತ್ತಿರ ಹಾದು ಹೋಗಿತ್ತು. ಮಡಚಿದ ಪೇಪರಿನಿಂದ ನನ್ನ ಭುಜ ತಟ್ಟಿದರು. 'ನಿನ್ನ ಜಾಗಕ್ಕೆ ಒಬ್ಬ ಹೋದ ನೋಡೋ. 12 ವರ್ಷ ನಡೆದ. ದಾರೀಲಿ ಎಲ್ಲೂ ಸಿನಿಮಾಕ್ಕೆ ಹೋಗಲಿಲ್ಲ.'

ತಿಥಿಯ ಊಟ ಮುಗಿಸಿ ಮೈದಾನಕ್ಕೆ ಹೋದೆ. ಎಳನೀರು ಇಟ್ಟಿದ್ದ ಜಾಗ ಅಂದಾಜು ಮಾಡಿ ನಡೆಯತೊಡಗಿದೆ. ಟಾಕೀಸು ಈಗಿಲ್ಲ, ಕಲ್ಯಾಣ ಮಂಟಪ ಆಗಿದೆ. ಗೇಟಿನ ಹತ್ತಿರ 700 ಆಯಿತು. ಆ 50 ಈ ಸಲ ಬೇಕಾಗಲಿಲ್ಲ.