ಮೊಂಡು ಅರ, ಮೂರನೆಯ ಚಾಕು

ಈಗ ನನ್ನ ಮೇಜಿನ ಮೇಲಿರುವ ಕೆತ್ತನೆ ಚಾಕು ನಾನು ಮಾಡಿದ ಮೂರನೆಯದು. ಮೊದಲನೆಯದು ಕೈಜಾರಿ ಸಿಮೆಂಟ್ ನೆಲಕ್ಕೆ ಬಿದ್ದು ಗಾಜಿನ ಹಾಗೆ ಎರಡು ತುಂಡಾಯಿತು. ಎರಡನೆಯದು ಮುರಿಯಲಿಲ್ಲ, ಆದರೆ ಎಷ್ಟು ಸಾಣೆ ಹಿಡಿದರೂ ಹತ್ತು ನಿಮಿಷದಲ್ಲಿ ಮೊಂಡಾಗುತ್ತಿತ್ತು.

ಎರಡನೆಯದರ ಕಥೆ ಚಿಕ್ಕದು. ಹಳೆಯ ಬಾಗಿಲಿನ ಕಬ್ಬಿಣದ ಪಟ್ಟಿಯಿಂದ ಅದನ್ನು ಮಾಡಿದ್ದೆ. ಅಂಥ ಮೆದು ಕಬ್ಬಿಣದಲ್ಲಿ ಇಂಗಾಲ ಸುಮಾರು 0.2 ಶೇಕಡಾ ಇದ್ದರೆ ಹೆಚ್ಚು. ಇಂಗಾಲ ಅಷ್ಟು ಕಡಿಮೆಯಿದ್ದರೆ, ಕೆಂಪಗೆ ಕಾಯಿಸಿ ನೂರು ಸಲ ನೀರಿಗೆ ಅದ್ದಿದರೂ ಚಾಕುವಿಗೆ ಬೇಕಾದಷ್ಟು ಗಟ್ಟಿಯಾಗುವುದಿಲ್ಲ. ಮೂರು ಸಂಜೆ ಉಜ್ಜಿದ ಮೇಲೆ ಇದು ಗೊತ್ತಾಯಿತು. ಗುಜರಿಯ ತುಂಡಿನ ಮೇಲೆ ಅದು ಯಾವ ಉಕ್ಕು ಅಂತ ಬರೆದಿರುವುದಿಲ್ಲ. ಕೆಲಸ ಶುರು ಮಾಡುವ ಮೊದಲೇ ಅದರ ಬಾಯಿ ಬಿಡಿಸಬೇಕು.

ಮೊದಲನೆಯದು ಮಾತ್ರ ನನ್ನದೇ ತಪ್ಪು, ಉಕ್ಕಿನದಲ್ಲ. ಲೋಹ ಉಜ್ಜುವ, ಹಲ್ಲು ಸವೆದ ಅರವೊಂದರಿಂದ ಮಾಡಿದ್ದು. ಒಳ್ಳೆಯ ಅರದಲ್ಲಿ ಇಂಗಾಲ ಒಂದು ಶೇಕಡಾಕ್ಕಿಂತ ಹೆಚ್ಚೇ ಇರುತ್ತದೆ, ಚಾಕುವಿಗೆ ಹೇಳಿ ಮಾಡಿಸಿದ ಹಾಗೆ. ಆದರೆ ನಾನು ಹಲ್ಲಿನ ಗೆರೆಗಳನ್ನು ‘ಚೆಂದ ಕಾಣುತ್ತೆ’ ಅಂತ ಅಲಗಿನ ಮೇಲೆ ಹಾಗೇ ಬಿಟ್ಟಿದ್ದೆ. ಕಿತ್ತಳೆ ದಾಟಿ ಹಳದಿಯಾಗುವವರೆಗೆ ಕಾಯಿಸಿ, ತಣ್ಣೀರಿಗೆ ಅದ್ದಿ, ಹದ ಇಳಿಸದೆ, ಅಂದರೆ ಮತ್ತೆ ಹಗುರಾಗಿ ಕಾಯಿಸಿ ಪೆಡಸುತನ ತಗ್ಗಿಸದೆ, ನೇರ ಸಾಣೆಗೆ ಒಯ್ದಿದ್ದೆ. ಮುರಿದ ಮೇಲೆ ತುಂಡನ್ನು ಬೆಳಕಿಗೆ ಹಿಡಿದು ನೋಡಿದೆ. ಬಿರುಕು ಒಂದು ಹಲ್ಲಿನ ಗೆರೆಯ ಗುಂಟವೇ ಸ್ಕೇಲ್ ಇಟ್ಟು ಎಳೆದ ಹಾಗೆ ಹೋಗಿತ್ತು. ಒಳಗೆ ಸಕ್ಕರೆಯಂತೆ ಮಿನುಗುವ ದಪ್ಪ ಹರಳು. ಅತಿಯಾಗಿ ಕಾಯಿಸಿದರೆ ಹರಳು ಹಾಗೆ ಬೆಳೆಯುತ್ತದೆ. ಸರಿಯಾದ ಬಿಸಿಯಲ್ಲಿ ಅದ್ದಿದ್ದರೆ ಮುರಿದ ಮುಖ ಪಿಂಗಾಣಿಯ ಹಾಗೆ ನುಣ್ಣಗೆ, ಬೂದು ಬಣ್ಣಕ್ಕೆ ಇರುತ್ತಿತ್ತು.

ಮೂರನೆಯದಕ್ಕೂ ಅರವನ್ನೇ ಆರಿಸಿದೆ. ಈ ಸಲ ಮೊದಲು ಅದರ ತುದಿಯಿಂದ ಒಂದು ಸಣ್ಣ ತುಂಡು ಮುರಿದು, ಕಾಯಿಸಿ, ಅದ್ದಿ, ಸುತ್ತಿಗೆಯಿಂದ ಒಂದೇಟು ಕೊಟ್ಟೆ. ಟಣ್ ಅಂತ ಮುರಿಯಿತು, ಅಂಚಿನಿಂದ ನಡುವಿನವರೆಗೂ ಒಂದೇ ಬಣ್ಣ. ಕೆಲವು ಅಗ್ಗದ ಅರಗಳು ಮೇಲ್ಪದರ ಮಾತ್ರ ಗಟ್ಟಿ, ಒಳಗೆ ಮೆದು ಕಬ್ಬಿಣ. ಅಂಥದ್ದಾದರೆ ಇಲ್ಲೇ ಬಣ್ಣ ಬಯಲಾಗುತ್ತದೆ. ಹಾಗೆಯೇ ಇನ್ನೊಂದು ಮಾತು: ಸತುವಿನ ಲೇಪವಿರುವ ಯಾವ ತುಂಡನ್ನೂ ಬೆಂಕಿಗೆ ಹಾಕಬೇಡಿ. ಆ ಹೊಗೆ ಕುಡಿದರೆ ಜ್ವರ ಹಿಡಿಸುತ್ತದೆ.

ಗಟ್ಟಿ ಅರವನ್ನು ಇನ್ನೊಂದು ಅರದಿಂದ ಉಜ್ಜಲಾಗದು, ಮೊದಲು ಮೆದು ಮಾಡಬೇಕು. ಇದ್ದಿಲ ಒಲೆಗೆ ತಿದಿಯ ಬದಲು ಹೇರ್ ಡ್ರೈಯರ್ ಕಟ್ಟಿದ್ದೆ.

‘ಇದೇನ್ರೀ, ನನ್ನ ಡ್ರೈಯರ್ ಒಲೆ ಊದೋಕಾ?’

‘ಸಂಜೆ ವಾಪಸ್ ಕೊಡ್ತೀನಿ ಕಣೇ.’

ಕೊಟ್ಟೆ, ಮೂತಿ ಸ್ವಲ್ಪ ಸೊಟ್ಟಗಾಗಿತ್ತು ಅಷ್ಟೆ. ಅರ ಕೆಂಪಗಾದ ಮೇಲೆ ಬೂದಿಯೊಳಗೆ ಹೂತು ರಾತ್ರಿಯಿಡೀ ಬಿಟ್ಟೆ. ಬೆಳಿಗ್ಗೆ ಹೊಸ ಅರ ಅದರ ಮೇಲೆ ಸಲೀಸಾಗಿ ಕಚ್ಚಿತು.

ಆಕಾರ ಕೊಡುವುದು ಬರೀ ತೋಳಿನ ಕೆಲಸ. ಎರಡು ವಿಷಯಕ್ಕೆ ಮಾತ್ರ ಎಚ್ಚರ ವಹಿಸಿದೆ: ಒಂದು ಹಲ್ಲಿನ ಗೆರೆಯೂ ಉಳಿಯದ ಹಾಗೆ ಉಜ್ಜಿದೆ, ಹಿಡಿಯೊಳಗೆ ಹೋಗುವ ಬಾಲ ಅಲಗಿಗೆ ಸೇರುವ ಮೂಲೆಯನ್ನು ಚೂಪಾಗಿ ಕತ್ತರಿಸದೆ ದುಂಡಗೆ ತಿರುಗಿಸಿದೆ. ಚೂಪು ಮೂಲೆಯಲ್ಲೇ ಬಿರುಕು ಹುಟ್ಟುವುದು. ಬಾಯಿಯನ್ನು, ಅಂದರೆ ಕತ್ತರಿಸುವ ಅಂಚನ್ನು, ಒಂದು ಮಿಲಿಮೀಟರ್ ದಪ್ಪ ಬಿಟ್ಟೆ. ಅದಕ್ಕಿಂತ ತೆಳ್ಳಗಿದ್ದರೆ ಅದ್ದುವಾಗ ಸೊಟ್ಟಗಾಗುತ್ತದೆ.

ಅದ್ದಿದ್ದು ಕತ್ತಲಾಗುವ ಹೊತ್ತಿಗೆ, ಕೆಂಪು ಬಣ್ಣ ಸರಿಯಾಗಿ ಕಾಣಲಿ ಅಂತ. ತಂತಿಗೆ ಅಯಸ್ಕಾಂತ ಕಟ್ಟಿಕೊಂಡಿದ್ದೆ. ಉಕ್ಕು ಸುಮಾರು 770 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಆ ಬಣ್ಣವನ್ನು ಕಣ್ಣಲ್ಲಿ ಇಟ್ಟುಕೊಂಡು ಒಂದು ಚೂರು ಮಾತ್ರ ಮೇಲೆ ಕಾಯಿಸಿ, ಇಕ್ಕುಳದಲ್ಲಿ ಹಿಡಿದು ನೆಟ್ಟಗೆ ಎಣ್ಣೆಗೆ ಇಳಿಸಿದೆ. ಅರದ ಉಕ್ಕಿಗೆ ನೀರೇ ಸರಿ ಅನ್ನುತ್ತಾರೆ. ಇಷ್ಟು ತೆಳುವಾದ ಅಲಗಿಗೆ ಎಣ್ಣೆ ಸಾಕಾಯಿತು, ಬಿರುಕಿನ ಭಯವೂ ಕಡಿಮೆ. ಎಣ್ಣೆಯನ್ನು ಮೊದಲೇ ಉಗುರುಬೆಚ್ಚಗಿನದಕ್ಕಿಂತ ಸ್ವಲ್ಪ ಹೆಚ್ಚು ಕಾಯಿಸಿದ್ದೆ. ಬೆಚ್ಚಗಿನ ಎಣ್ಣೆ ತೆಳುವಾಗಿರುತ್ತದೆ, ಬೇಗ ಶಾಖ ಎಳೆಯುತ್ತದೆ. ಭುಗ್ ಅಂತ ಒಂದು ಗೇಣು ಉರಿ ಎದ್ದು ಅಡಗಿತು. ಪಾತ್ರೆ ಲೋಹದ್ದೇ, ಮುಚ್ಚಳ ಪಕ್ಕದಲ್ಲೇ ಇತ್ತು. ಹೊರತೆಗೆದು ಅರ ಆಡಿಸಿದೆ. ಕಚ್ಚಲಿಲ್ಲ. ಕೀಚ್ ಅಂತ ಜಾರಿಹೋಯಿತು, ಅಂದರೆ ಅಲಗು ಗಟ್ಟಿಯಾಗಿತ್ತು. ಆ ಸದ್ದು ಕೇಳಿ ಒಬ್ಬನೇ ನಕ್ಕೆ.

ಹೋದ ಸಲ ಇಲ್ಲೇ ಗೆದ್ದೆ ಅಂದುಕೊಂಡಿದ್ದು. ಈ ಸಲ ಅದೇ ರಾತ್ರಿ ಅಲಗನ್ನು ಮರಳುಕಾಗದದಿಂದ ಹೊಳೆಯುವಂತೆ ಉಜ್ಜಿ, ಹದ ಇಳಿಸಲು ಓವನ್‌ನಲ್ಲಿ 200 ಡಿಗ್ರಿಗೆ ಎರಡು ಸಲ, ಒಂದೊಂದು ಗಂಟೆ ಇಟ್ಟೆ. ಓವನ್ನಿನ ಗುಂಡಿಯನ್ನು ನಂಬಲಿಲ್ಲ, ಬಣ್ಣವನ್ನು ನಂಬಿದೆ. ಮೊದಲು ಬೆಳ್ಳಿಯ ಬಿಳುಪು, ಆಮೇಲೆ ಅಂಚಿನಿಂದ ಒಣಹುಲ್ಲಿನ ಬಣ್ಣ ಮೆಲ್ಲಗೆ ಹರಡಿತು. ಇನ್ನೂ ಕಾಯಿಸಿದ್ದರೆ ಕಂದು, ನೇರಳೆ, ಮುನ್ನೂರರ ಹತ್ತಿರ ನೀಲಿ. ನೀಲಿ ಸ್ಪ್ರಿಂಗಿಗೆ ಸರಿ, ಚಾಕುವಿನ ಬಾಯಿಗಲ್ಲ.

ಇಷ್ಟೆಲ್ಲ ತಾಳ್ಮೆಯಿಂದ ಮಾಡಿ ಕೊನೆಯಲ್ಲಿ ಅವಸರಪಟ್ಟೆ. ಕಲ್ಲಿನ ಮೇಲೆ ಕೈಯಲ್ಲಿ ಸಾಣೆ ಹಿಡಿಯುವ ಬದಲು ಗ್ರೈಂಡರ್ ಹಚ್ಚಿದೆ. ಒಮ್ಮೆ ನೀರಿಗೆ ಅದ್ದುವುದು ಮರೆತೆ. ತುದಿಯಲ್ಲಿ ಅಕ್ಕಿಕಾಳಿನಷ್ಟು ಜಾಗ ಕಣ್ಣೆದುರೇ ನೀಲಿಯಾಯಿತು. ಅಷ್ಟನ್ನು ಉಜ್ಜಿ ತೆಗೆಯಬೇಕಾಯಿತು. ಹಾಗಾಗಿ ಏಳು ಸೆಂಟಿಮೀಟರ್ ಇರಬೇಕಿದ್ದ ಅಲಗು ಆರೂವರೆ ಇದೆ, ಮೂತಿ ನಾನು ಬರೆದ ಚಿತ್ರದಷ್ಟು ಚೂಪಿಲ್ಲ. ಆಮೇಲೆ ಎಲ್ಲ ಕೈಯಲ್ಲೇ, ಕಲ್ಲು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಹಿಡಿ ಮುರಿದ ಕುರ್ಚಿಯ ಕಾಲಿನದು.

ನಿನ್ನೆ ಮರದ ಚಮಚವೊಂದನ್ನು ಅದರಲ್ಲೇ ಕೆತ್ತಿದೆ. ನಡುವೆ ಒಮ್ಮೆಯೂ ಕಲ್ಲಿಗೆ ಹೋಗಲಿಲ್ಲ. ಈಗ ಡಬ್ಬಿಯಲ್ಲಿ ಗಾಡಿಯ ಪಟ್ಟಿ ಸ್ಪ್ರಿಂಗಿನ ತುಂಡೊಂದು ಬಿದ್ದಿದೆ, ಅದರಿಂದ ಉಳಿ ಮಾಡುವ ಆಸೆ. ಭಾನುವಾರ ಅದರ ಮೂಲೆ ಮುರಿದು ನೋಡಬೇಕು. ಡ್ರೈಯರ್ ಮಾತ್ರ ಬೇರೆ ಹುಡುಕಿಕೊಳ್ಳಬೇಕು.